ಹತ್ತೊಂಬತ್ತನೇ ಕಲಮಿನ ಎರಡನೇ ವಾಕ್ಯ

ವಿಶ್ವವಿದ್ಯಾಲಯದ ಆಡಳಿತ ಕಟ್ಟಡದಲ್ಲಿ ಆಕೆಯನ್ನು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಕೊಮಾ ಮೇಡಂ ಎಂದೂ ಕರೆಯುತ್ತಿದ್ದರು. ಆ ಹೆಸರು ಬಂದದ್ದು ಕುರ್ಚಿಗಳಿಂದ. ಗ್ರಂಥಾಲಯದ ಹಳೆ ಸಾಮಾನು ವಿಲೇವಾರಿಗೆಂದು ಒಬ್ಬ ಗುಜರಿಯವನ ಜೊತೆ ಕರಾರಾಗಿತ್ತು. ‘ಹಳೆಯ ಮುರಿದ ಕುರ್ಚಿಗಳು’ ಎಂದು ಆಕೆ ಬರೆದದ್ದನ್ನು ಯಾರೋ ಚಂದ ಕಾಣಲೆಂದು ನಡುವೆ ಒಂದು ಕೊಮಾ ಹಾಕಿ ‘ಹಳೆಯ, ಮುರಿದ ಕುರ್ಚಿಗಳು’ ಎಂದು ತಿದ್ದಿಬಿಟ್ಟಿದ್ದರು. ಗುಜರಿಯವನು ಘಾಟಿ. ಮುರಿದವೂ ನನ್ನವು, ಮುರಿಯದಿದ್ದರೂ ಹಳೆಯವಾದವೂ ನನ್ನವು ಎಂದು ಓದುವ ಕೋಣೆಯ ಗಟ್ಟಿಮುಟ್ಟಾದ ಕುರ್ಚಿಗಳನ್ನೆಲ್ಲ ಲಾರಿಗೆ ಏರಿಸತೊಡಗಿದ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಆಕೆ ದಡದಡನೆ ಮೆಟ್ಟಿಲಿಳಿದು ಓಡಿ ಲಾರಿಗೆ ಅಡ್ಡ ನಿಂತು, "ಆ ಕೊಮಾ ನಂದಲ್ಲ! ಇಳಿಸಿ ಕೆಳಗೆ!" ಎಂದು ಕೂಗಿದ್ದಳು. ಕುರ್ಚಿಗಳು ಇಳಿದವು. ಹೆಸರು ಮಾತ್ರ ಆಕೆಯ ಮೇಲೇ ಉಳಿಯಿತು.

ಆಕೆ ಕಾನೂನು ಓದಿದವಳಲ್ಲ. ಇಪ್ಪತ್ಮೂರನೇ ವಯಸ್ಸಿನಲ್ಲಿ ಬೆರಳಚ್ಚು ಮಾಡುವವಳಾಗಿ ಸೇರಿದ್ದಳು. ಆಗಿನ ಕಾನೂನು ಅಧಿಕಾರಿ, ಕೋಟಿನ ತೋಳಿಗೆ ಸದಾ ನಶ್ಯದ ಕಲೆ ಅಂಟಿಸಿಕೊಂಡಿರುತ್ತಿದ್ದ ಮುದುಕರು, ತಾವು ಕೊಟ್ಟ ಕರಡಿಗಿಂತ ಈ ಹುಡುಗಿ ಟೈಪು ಮಾಡಿ ತಂದದ್ದೇ ಚೆನ್ನಾಗಿರುವುದನ್ನು ನಾಲ್ಕಾರು ಸಲ ಗಮನಿಸಿ, "ಟೈಪ್ ಮಾಡೋರು ಬೇಕಾದಷ್ಟು ಜನ ಸಿಗ್ತಾರೆ ತಾಯಿ, ನೀನು ಓದು" ಎಂದು ಕರಾರು ವಿಭಾಗಕ್ಕೆ ಎಳೆದುಕೊಂಡರು. ವಿಭಾಗವೆಂದರೆ ಏನು ಮಹಾ! ಮೊದಲ ಮಹಡಿಯ ಕೊನೆಯಲ್ಲಿ ಸೈಕಲ್ ಸ್ಟ್ಯಾಂಡಿನ ಕಡೆ ಕಿಟಕಿಯಿದ್ದ ಒಂದು ಕೋಣೆ, ಎರಡು ಕಬ್ಬಿಣದ ಬೀರು, ತಿರುಗಿದಾಗಲೆಲ್ಲ ಕೊರಳು ಕಟಕಟ ಎನ್ನುವ ಒಂದು ಫ್ಯಾನು. ಅದರ ಗಾಳಿಗೆ ಕಾಗದ ಹಾರದಂತೆ ಮೇಜಿನ ಮೇಲೆ ಆಕೆ ತೋಟದಿಂದ ಆರಿಸಿ ತಂದಿಟ್ಟುಕೊಂಡ ಏಳೆಂಟು ನುಣುಪು ಕಲ್ಲುಗಳು.

ಆ ಕೋಣೆಯೊಳಗೆ ಇಡೀ ವಿಶ್ವವಿದ್ಯಾಲಯ ಹಾದುಹೋಗುತ್ತಿತ್ತು. ಹಾಸ್ಟೆಲ್ಲಿನ ಅಡುಗೆ ಯಾರದು, ಲಿಫ್ಟು ಕೆಟ್ಟರೆ ಎಷ್ಟು ಗಂಟೆಯೊಳಗೆ ಬರಬೇಕು, ಪ್ರಶ್ನೆಪತ್ರಿಕೆ ಅಚ್ಚು ಹಾಕುವವನು ಹಾಳಾದ ಹಾಳೆಗಳನ್ನು ಎಲ್ಲಿ ಸುಡಬೇಕು, ಎಲ್ಲವೂ ಅಲ್ಲಿ ವಾಕ್ಯವಾಗಿ ಹೊರಬೀಳಬೇಕು. ಒಂದು ಕಂಪನಿ ಸಸ್ಯಶಾಸ್ತ್ರ ವಿಭಾಗಕ್ಕೆ ಎರಡು ಯಂತ್ರ ದಾನ ಮಾಡುತ್ತೇವೆಂದು ಬಂದಿತ್ತು. ಕರಾರಿನ ಇಪ್ಪತ್ತೆಂಟನೇ ಪುಟದಲ್ಲಿ, ಆ ವಿಭಾಗದಲ್ಲಿ ಮುಂದೆ ಕಂಡುಹಿಡಿಯುವುದೆಲ್ಲ ಕಂಪನಿಯ ಸೊತ್ತು ಎಂದು ಮೆಲ್ಲಗೆ ಸೇರಿಸಿತ್ತು. ಆಕೆ ಅದರ ಪಕ್ಕದಲ್ಲಿ, ‘ಹಾಗಾದರೆ ಇದು ದಾನವಲ್ಲ, ಖರೀದಿ’ ಎಂದು ಬರೆದು ವಾಪಸು ಕಳಿಸಿದ್ದಳು. ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಯಂತ್ರ ತಪ್ಪಿಹೋಯಿತಲ್ಲ ಎಂದು ಎರಡು ತಿಂಗಳು ಮಾತು ಬಿಟ್ಟರು. ಆಮೇಲೆ ಅವರೇ ಬಂದು ಚಹಾ ಕುಡಿಸಿದರು.

ಇಂಥ ಕೆಲಸದಲ್ಲಿ ಆಕೆಗೆ ಐವತ್ಮೂರು ತುಂಬಿತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಕ್ಕಳಿಲ್ಲ. ಮನೆಯಲ್ಲಿ ಎಂಬತ್ತರ ಅತ್ತೆ ಇದ್ದರು. ಕಿವಿ ಮಂದ, ನಾಲಿಗೆ ಚುರುಕು.

ಒಂದು ಸೋಮವಾರ ಆಕೆಯ ಮೇಜಿನ ಮೇಲೆ ಒಂದು ಕಡತ ಬಂದು ಕೂತಿತ್ತು. ಅದರೊಳಗೆ ಗೆರೆ ಹಾಕಿದ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆಗಳ ಒಂದು ಪತ್ರ. ಬರೆದವಳು ರಸಾಯನಶಾಸ್ತ್ರ ಕಟ್ಟಡ ಗುಡಿಸುವ ಹೆಂಗಸಿನ ಮಗಳು. ಆ ಹೆಂಗಸನ್ನು ಕಟ್ಟಡದವರೆಲ್ಲ ಲ್ಯಾಬ್ ಅಕ್ಕ ಎನ್ನುತ್ತಿದ್ದರು. ಒಂಬತ್ತು ವರ್ಷದಿಂದ ಗುತ್ತಿಗೆದಾರನ ಕೆಳಗೆ ಅಲ್ಲೇ ಕೆಲಸ. ಎರಡು ವಾರದ ಹಿಂದೆ ಬೆಳಿಗ್ಗೆ ಪ್ರಯೋಗಾಲಯದ ಕಸದ ಬುಟ್ಟಿ ಎತ್ತಿದಾಗ, ಚೀಟಿಯೇ ಇಲ್ಲದ ಒಂದು ಬಾಟಲಿ ಒಳಗೆ ಒಡೆದು ಆಸಿಡ್ ಚಿಮ್ಮಿತ್ತು. ಬಲಗೈ ಮೊಣಕೈವರೆಗೆ ಬೆಂದಿತ್ತು. ಎಡಗಣ್ಣು ಹೋಗಿತ್ತು. ‘ಬಾಟಲಿ ವಿಶ್ವವಿದ್ಯಾಲಯದ್ದು, ಅವರನ್ನೇ ಕೇಳಿ ಎಂದು ಗುತ್ತಿಗೆದಾರರು ಹೇಳುತ್ತಾರೆ. ನಿಮ್ಮಮ್ಮ ಗುತ್ತಿಗೆದಾರರ ಕೆಲಸದವಳು, ಅವರನ್ನೇ ಕೇಳಿ ಎಂದು ನೀವು ಹೇಳುತ್ತೀರಿ. ನಾವು ಯಾರನ್ನು ಕೇಳಬೇಕು ಎಂಬುದನ್ನಾದರೂ ದಯಮಾಡಿ ಬರೆದು ತಿಳಿಸಿ’ ಎಂದು ಹುಡುಗಿ ದುಂಡಗೆ ಬರೆದಿದ್ದಳು.

ಪತ್ರದ ಅಂಚಿನಲ್ಲಿ ಕುಲಸಚಿವರ ಹಸಿರು ಶಾಯಿಯ ಒಂದೇ ಸಾಲು: ‘ಕಲಂ 19ರಂತೆ ಉತ್ತರ ಸಿದ್ಧಪಡಿಸಿ.’

ಹತ್ತೊಂಬತ್ತನೇ ಕಲಮು ಆಕೆಗೆ ಬಾಯಿಪಾಠ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅದನ್ನು ಬರೆದವಳೇ ಆಕೆ. ಅದಕ್ಕೆ ಎರಡು ವಾಕ್ಯ. ಗುತ್ತಿಗೆದಾರನ ಕೆಲಸಗಾರರಿಗೆ ಕೆಲಸದ ವೇಳೆ ಆಗುವ ಅಪಾಯಕ್ಕೆ ವಿಶ್ವವಿದ್ಯಾಲಯ ಹೊಣೆಯಲ್ಲ ಎಂಬುದು ಮೊದಲನೆಯದು. ಪ್ರತಿಯೊಬ್ಬ ಕೆಲಸಗಾರನಿಗೂ ವಿಮೆ ಮಾಡಿಸಿ ಅದರ ಪ್ರತಿ ಒಪ್ಪಿಸುವವರೆಗೆ ಯಾರನ್ನೂ ಕೆಲಸಕ್ಕೆ ಹಚ್ಚಕೂಡದು, ಹಚ್ಚಗೊಟ್ಟರೆ ಮೇಲಿನ ಹೊಣೆ ವಿಶ್ವವಿದ್ಯಾಲಯದ್ದೇ ಎಂಬುದು ಎರಡನೆಯದು. ಒಂದು ಕೈಯಲ್ಲಿ ತೆಗೆದದ್ದನ್ನು ಇನ್ನೊಂದು ಕೈಯಲ್ಲಿ ಕೊಟ್ಟಿದ್ದೇನೆ ಎಂಬ ಹೆಮ್ಮೆ ಆಕೆಗಿತ್ತು. ನಶ್ಯದ ಮುದುಕರು ಓದಿ, "ಭೇಷ್! ಇದು ಬಿಗಿಯಾಗೂ ಇದೆ, ನ್ಯಾಯವಾಗೂ ಇದೆ" ಎಂದಿದ್ದರು.

ಹಾಗಾದರೆ ಈ ಹೆಂಗಸಿನ ವಿಮೆ ಎಲ್ಲಿ? ಅಷ್ಟೇ ತಾನೇ ಕೇಳಬೇಕಾದದ್ದು ಎಂದುಕೊಂಡು ಆಕೆ ಚಾಲ್ತಿಯಲ್ಲಿದ್ದ ಕರಾರು ತೆರೆದಳು. ಹತ್ತೊಂಬತ್ತನೇ ಕಲಮಿನಲ್ಲಿ ಒಂದೇ ವಾಕ್ಯವಿತ್ತು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಒಂದೇ. ಅದರ ಕೆಳಗೆ ಇಪ್ಪತ್ತನೇ ಕಲಮು ಏನೂ ಆಗಿಲ್ಲವೆಂಬಂತೆ ಶುರುವಾಗಿತ್ತು.

ಆಕೆ ಬೀಗದ ಕೈ ಇಸಿದುಕೊಂಡು ನೆಲಮಾಳಿಗೆಯ ದಾಖಲೆ ಕೋಣೆಗೆ ಇಳಿದಳು. ಧೂಳಿಗೆ ಸೀನುತ್ತ, ಸ್ಟೂಲಿನ ಮೇಲೆ ಹತ್ತಿ ಇಳಿದು, ಸ್ವಚ್ಛತಾ ಗುತ್ತಿಗೆಯ ಇಪ್ಪತ್ತನಾಲ್ಕು ವರ್ಷದ ಕಡತಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡಳು. ಮೊದಲ ಹನ್ನೆರಡು ವರ್ಷ ಎರಡೂ ವಾಕ್ಯಗಳಿದ್ದವು. ಹದಿಮೂರನೆಯ ವರ್ಷ ಎರಡನೆಯದು ಇಲ್ಲ. ಆ ಕಡತದಲ್ಲೇ ಗುತ್ತಿಗೆದಾರನ ಪತ್ರವೂ ಇತ್ತು: ಕೆಲಸದವರು ಆಗಾಗ ಬದಲಾಗುವುದರಿಂದ ಎಲ್ಲರಿಗೂ ವಿಮೆ ಮಾಡಿಸುವುದು ಕಷ್ಟ, ಆ ಷರತ್ತು ಕೈಬಿಡಬೇಕಾಗಿ ವಿನಂತಿ. ಅದರ ಮೇಲೆ ಹಸಿರು ಶಾಯಿಯಲ್ಲಿ ‘ಸರಿ, ಬಿಡಿ’ ಎಂದಿತ್ತು. ಇಂದಿನ ಕುಲಸಚಿವರು ಆಗ ಸಹಾಯಕ ಕುಲಸಚಿವರು. ಮುಂದಿನ ಹಾಳೆ ಕರಾರು ವಿಭಾಗಕ್ಕೆ ಕಳಿಸಿದ ಟಿಪ್ಪಣಿ. ಅದೂ ಅದೇ ಕೈ: ‘ಹಿಂದಿನ ಕರಾರಿನಂತೆಯೇ ಇದೆ. ಬದಲಾವಣೆ ಏನೂ ಇಲ್ಲ. ಪರಿಶೀಲಿಸಿ ಇಂದೇ ಕಳಿಸಿ.’

ಆಕೆಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. "ಕಳ್ಳ!" ಎಂದಳು, ಗಟ್ಟಿಯಾಗಿಯೇ. ಆಮೇಲೆ ಕರಾರಿನ ಪುಟಗಳನ್ನು ತಿರುವಿದಳು. ಪ್ರತಿ ಪುಟದ ಬಲ ಮೂಲೆಯಲ್ಲೂ ಪರಿಶೀಲಿಸಿದವರ ಚಿಕ್ಕ ಸಹಿ. ಹತ್ತೊಂಬತ್ತನೇ ಕಲಮಿನ ಪುಟದ ಮೂಲೆಯಲ್ಲೂ ಇತ್ತು. ಬಾಲ ಎಳೆದ, ಆಕೆಯದೇ ಸಹಿ. ಆ ದಿನ ಯಾವುದೆಂದು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಬದಲಾವಣೆ ಇಲ್ಲ ಎಂದಮೇಲೆ ಹೆಸರು, ತಾರೀಖು ನೋಡಿ ಮೂಲೆಗಳಿಗೆ ಸಹಿ ಗೀಚಿ ಕಳಿಸಿರಬೇಕು. ಲಾರಿಯ ಮುಂದೆ ನಿಂತು ಒಂದು ಕೊಮಾಕ್ಕಾಗಿ ಕೂಗಾಡಿದವಳು ಇಡೀ ವಾಕ್ಯವನ್ನೇ ಬಿಟ್ಟುಕೊಟ್ಟಿದ್ದಳು. ಅದೂ ಒಂದು ಸಲವಲ್ಲ, ಆಮೇಲಿನ ಪ್ರತಿ ನವೀಕರಣದಲ್ಲೂ.

ಅಂದು ಸಂಜೆ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು. ಮಂದಕಿವಿಯ ಅತ್ತೆಗೂ ಕೇಳಿಸಿತು.

"ಯಾರ ಮೇಲೆ ಸಿಟ್ಟು? ಪಾತ್ರೆ ಏನ್ ಮಾಡ್ತು ಪಾಪ?" ಎಂದರು.

ಆಕೆ ಅತ್ತೆಯ ಕಿವಿಯ ಹತ್ತಿರ ಬಾಗಿ ಎಲ್ಲ ಹೇಳಿದಳು. ಮುದುಕಿ ಕೇಳಿಸಿಕೊಂಡು, "ಅವನು ಸುಳ್ಳು ಬರೆದ. ನೀನು ನಂಬಿದೆ. ಕಣ್ಣು ಕಳ್ಕೊಂಡೋಳು ಏನು ತಪ್ಪು ಮಾಡಿದ್ಲು?" ಎಂದರು.

"ಅದನ್ನೇ ಅತ್ತೆ ನಾನೂ ಕೇಳ್ತಿರೋದು."

"ಇಲ್ಲಿ ಕೂತ್ಕೊಂಡು ಕೇಳಿದ್ರೆ ಆಯ್ತಾ? ಅವಳ ಮನೆಗೆ ಹೋಗಿದ್ಯಾ?"

ಹೋಗಿರಲಿಲ್ಲ. ಹೋಗುವ ಧೈರ್ಯ ಬರಲು ಮೂರು ದಿನ ಹಿಡಿಯಿತು.

ರೈಲ್ವೆ ಗೋಡೆಯ ಪಕ್ಕದ ಸಾಲುಮನೆಗಳಲ್ಲಿ ಕೊನೆಯದು ಲ್ಯಾಬ್ ಅಕ್ಕನ ಮನೆ. ಗುರುವಾರ ಸಂಜೆ ಮಗಳು ಬಾಗಿಲು ತೆರೆದಳು. ಅಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕೈಗೆ ಪಟ್ಟಿ, ಕಣ್ಣಿನ ಮೇಲೆ ಹತ್ತಿ. ಬಂದವರು ಆಫೀಸಿನವರೆಂದು ತಿಳಿದು ಏಳಲು ಹೋದವಳನ್ನು ಆಕೆ ತಡೆದು, ಮಂಚದ ಪಕ್ಕದಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಒಂದು ಕಾಗದದಲ್ಲಿ ಎರಡು ವಾಕ್ಯಗಳನ್ನೂ ಬರೆದು ತಂದಿದ್ದಳು. ಮಗಳು ಓದಿದಳು. ಆಮೇಲೆ ಆಕೆ ಏನನ್ನೂ ಮುಚ್ಚಿಡದೆ, ಮೊದಲನೆಯದನ್ನು ಬರೆದವಳು ತಾನು, ಎರಡನೆಯದು ಹೋದಾಗ ಸಹಿ ಹಾಕಿದವಳೂ ತಾನು ಎಂದು ಹೇಳಿದಳು.

ಲ್ಯಾಬ್ ಅಕ್ಕ ಉಳಿದ ಒಂದು ಕಣ್ಣಿನಿಂದ ಆಕೆಯನ್ನೇ ನೋಡಿದಳು.

"ನಿಮ್ಮ ಕೆಲಸ ಏನು ಅಲ್ಲಿ?"

"ಕರಾರು ಬರೆಯೋದು, ಓದೋದು."

"ಓದೋಕೇ ಅಲ್ವಾ ನಿಮಗೆ ಸಂಬಳ?"

"ಹೌದು."

"ನಾನು ಒಂದು ಮೂಲೆ ಗುಡಿಸದೆ ಬಿಟ್ರೆ ಸೂಪರ್‌ವೈಸರ್ ಕರೆದು ತೋರಿಸ್ತಾನೆ, ಎಲ್ಲರ ಎದುರಿಗೆ. ಒಂಬತ್ತು ವರ್ಷದಲ್ಲಿ ಎರಡೇ ಸಲ ತೋರಿಸಿದ್ದಾನೆ." ಅಷ್ಟು ಹೇಳಿ ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಮಗಳು ನೀರು ತಂದಿಟ್ಟಳು. ಆಕೆ ಕಾಗದವನ್ನು ಮಗಳ ಕೈಯಲ್ಲೇ ಬಿಟ್ಟು ಎದ್ದಳು.

ಕ್ಷಮಿಸಿ ಎನ್ನುವ ಮಾತು ತುಟಿಯವರೆಗೆ ಬಂದಿತ್ತು. ಆಕೆ ಅದನ್ನು ನುಂಗಿಕೊಂಡು ಹೊರಬಂದಳು. ಆ ಮಾತಿನಿಂದ ಹಗುರಾಗುವುದು ತನ್ನ ಎದೆಯೇ ಹೊರತು ಅವಳ ಕೈಯಲ್ಲ ಎನ್ನಿಸಿತ್ತು.

ಮರುದಿನ ಆಕೆ ಉತ್ತರದ ಕರಡು ಬರೆಯಲಿಲ್ಲ. ಬದಲಿಗೆ ಒಂದೂವರೆ ಪುಟದ ಟಿಪ್ಪಣಿ ಬರೆದಳು. ಯಾವ ವರ್ಷ ಏನಿತ್ತು, ಯಾವಾಗ ಹೋಯಿತು, ಯಾರ ಅಕ್ಷರ, ಯಾರ ಸಹಿ. ‘ಈ ಲೋಪದಲ್ಲಿ ನನ್ನ ಪಾಲೂ ಇದೆ. ನಾನು ಓದದೆ ಸಹಿ ಮಾಡಿದ್ದೇನೆ’ ಎಂಬುದನ್ನೂ ಸೇರಿಸಿದಳು. ಹೀಗಿರುವಾಗ ಮೊದಲ ವಾಕ್ಯದ ಹಿಂದೆ ವಿಶ್ವವಿದ್ಯಾಲಯ ಅಡಗಿಕೊಳ್ಳುವುದು ಸರಿಯಲ್ಲ ಎಂದು ಮುಗಿಸಿ, ಪುಟಸಂಖ್ಯೆ ಹಾಕಿ ಕಡತಕ್ಕೆ ಸೇರಿಸಿದಳು. ಅದೇ ತಿಂಗಳು ಸ್ವಚ್ಛತಾ ಗುತ್ತಿಗೆಯ ನವೀಕರಣವೂ ಇತ್ತು. ಅದರ ಮೇಲೆ ‘ಪರಿಶೀಲಿಸಲಾಗಿದೆ’ ಎಂಬ ಮೊಹರು ಒತ್ತುವುದಿಲ್ಲ ಎಂದು ಬರೆದಳು.

ಮಧ್ಯಾಹ್ನ ಕರೆ ಬಂತು. ಕುಲಸಚಿವರ ಕೋಣೆಯಲ್ಲಿ ನೆಲಹಾಸು ಕಾಲು ಹೂತುಹೋಗುವಷ್ಟು ಮೆತ್ತಗೆ. ಅವರು ನಗುನಗುತ್ತಲೇ ಇದ್ದರು.

"ಕೂತ್ಕೊಳ್ಳಿ ಮೇಡಂ. ಇದೇನು, ಉತ್ತರ ಬರೀರಿ ಅಂದ್ರೆ ಇತಿಹಾಸ ಬರೆದಿದ್ದೀರಿ?"

"ನಿಂತೇ ಇರ್ತೀನಿ ಸರ್."

"ನೋಡಿ, ಆ ಹೆಂಗಸಿನ ಬಗ್ಗೆ ನನಗೂ ಅಯ್ಯೋ ಅನ್ಸುತ್ತೆ. ಆದ್ರೆ ಕರಾರು ಅಂದ್ರೆ ಕರಾರು. ಏನಿದೆಯೋ ಅದು ಇದೆ, ಏನಿಲ್ವೋ ಅದು ಇಲ್ಲ."

"ಇದ್ದದ್ದನ್ನ ನೀವು ತೆಗೆದ್ರಿ. ತೆಗೆದು, ಏನೂ ತೆಗೆದಿಲ್ಲ ಅಂತ ಬರೆದ್ರಿ."

ನಗು ಅಲ್ಲಿಗೆ ನಿಂತಿತು. "ಸಹಿ ಯಾರದು ಮೇಡಂ? ನನ್ನ ಕೊರಳಿಗೆ ಹಗ್ಗ ಹಾಕೋಕೆ ಹೋದ್ರೆ ನಿಮ್ಮ ಕೊರಳೂ ಜೊತೆಗೇ ಬರುತ್ತೆ."

"ಬರಲಿ ಸರ್. ಅದನ್ನೂ ಬರೆದಿದ್ದೀನಿ, ಎರಡನೇ ಪುಟ ನೋಡಿ."

ಅವರು ಕಡತವನ್ನು ಆಕೆಯ ಕಡೆ ತಳ್ಳಿದರು. "ಟಿಪ್ಪಣಿ ತೆಗೆದುಬಿಡಿ. ಮಾತು ಇಲ್ಲಿಗೇ ಮುಗಿಸೋಣ."

"ಪುಟಸಂಖ್ಯೆ ಬಿದ್ದಾಗಿದೆ."

"ನಂಬರ್ ಮತ್ತೆ ಹಾಕೋದೇನು ಅಂಥ ದೊಡ್ಡ ಕೆಲಸ?"

"ಹನ್ನೆರಡು ವರ್ಷದ ಹಿಂದೆಯೂ ದೊಡ್ಡ ಕೆಲಸ ಅನ್ನಿಸಿರಲಿಲ್ಲ ಅಲ್ವಾ ಸರ್ ನಿಮಗೆ?"

ತನ್ನ ದನಿ ಅಷ್ಟು ಎತ್ತರಕ್ಕೆ ಏರಬಲ್ಲದೆಂದು ಆಕೆಗೇ ಗೊತ್ತಿರಲಿಲ್ಲ. ಹೊರಗೆ ಕೂತಿದ್ದ ಜವಾನ ಬಾಗಿಲಲ್ಲಿ ಇಣುಕಿ ನೋಡಿ, ತಲೆ ಹಿಂದಕ್ಕೆಳೆದುಕೊಂಡ.

ಸೋಮವಾರ ಬೆಳಿಗ್ಗೆ ಆಕೆಯ ಕೋಣೆಗೆ ಬೇರೆಯವರು ಬಂದಿದ್ದರು. ಆಕೆಗೆ ಪರೀಕ್ಷಾ ವಿಭಾಗದ ಉತ್ತರಪತ್ರಿಕೆಗಳ ಉಗ್ರಾಣಕ್ಕೆ ವರ್ಗವಾಗಿತ್ತು. ಕಡತದಿಂದ ಟಿಪ್ಪಣಿ ಮಾಯವಾಗಿತ್ತು. ಕುಲಸಚಿವರು ಗೆದ್ದೆನೆಂದುಕೊಂಡಿರಬೇಕು. ಆದರೆ ಮೂವತ್ತು ವರ್ಷ ಕಡತಗಳ ನಡುವೆ ಕಳೆದವಳಿಗೆ ಒಂದು ಕಾಗದ ಕಾಣೆಯಾದರೆ ಏನು ಮಾಡಬೇಕೆಂಬುದು ಗೊತ್ತಿಲ್ಲದಿರುತ್ತದೆಯೇ? ಶುಕ್ರವಾರ ಸಂಜೆಯೇ ಆಕೆ ಟಿಪ್ಪಣಿಯ ಜೊತೆ ಹಳೆಯ ಪುಟಗಳ ನಕಲನ್ನೂ ಇಟ್ಟು, ಆಡಳಿತ ಮಂಡಳಿಯ ಏಳೂ ಸದಸ್ಯರಿಗೆ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ, ಖುದ್ದಾಗಿ ಒಪ್ಪಿಸಿ, ಮುಟ್ಟಿದ್ದಕ್ಕೆ ಸಹಿ ಪಡೆದುಕೊಂಡಿದ್ದಳು. ಗಂಡ ಡಿಪೋಗೆ ರಜೆ ಹಾಕಿ ಸ್ಕೂಟರಿನಲ್ಲಿ ಊರೆಲ್ಲ ಸುತ್ತಿಸಿದ್ದ. ಏನು, ಏಕೆ ಎಂದು ಕೇಳಿರಲಿಲ್ಲ. ಏಳನೆಯ ಮನೆಯ ಗೇಟಿನಲ್ಲಿ ಮಾತ್ರ, "ಇನ್ನೂ ಯಾರಾದ್ರೂ ಉಳಿದಿದ್ದಾರಾ? ಪೆಟ್ರೋಲ್ ಇದೆ" ಎಂದಿದ್ದ.

ಆರು ಲಕೋಟೆಗಳ ಗತಿ ಏನಾಯಿತೋ, ಗೊತ್ತಿಲ್ಲ. ಏಳನೆಯದನ್ನು ಒಬ್ಬ ನಿವೃತ್ತ ನ್ಯಾಯಾಧೀಶರು ಓದಿದರು. ಮಂಡಳಿಯ ಸಭೆಗೆ ಹದಿಮೂರನೆಯ ವರ್ಷದ ಮೂಲ ಕಡತವನ್ನೇ ತರಿಸಬೇಕೆಂದು ಹಟ ಹಿಡಿದರು. ಆಕೆಯನ್ನೂ ಕರೆಸಿದರು. ಉದ್ದನೆಯ ಮೇಜಿನ ತುದಿಯಲ್ಲಿ ಆಕೆ ನಿಂತಳು.

"ಈ ಸಹಿ ನಿಮ್ದೇನಮ್ಮಾ?" ಎಂದರು ನ್ಯಾಯಾಧೀಶರು.

"ನಂದೇ."

"ಓದದೆ ಹಾಕಿದ್ರಾ?"

"ಓದದೆ ಹಾಕಿದೆ."

"ನೋಡಿದ್ರಾ, ಅವರೇ ಒಪ್ಕೊಂಡ್ರು" ಎಂದರು ಕುಲಸಚಿವರು.

"ಅವರು ಒಪ್ಕೊಂಡ್ರು. ಈ ಹಸಿರು ಶಾಯಿ ಯಾರು ಒಪ್ಕೋತಾರೆ?" ಎಂದು ನ್ಯಾಯಾಧೀಶರು ಕೇಳಿದರು. ಸದಸ್ಯರು ಕಡತವನ್ನು ಕೈಯಿಂದ ಕೈಗೆ ದಾಟಿಸಿದರು. ಆಕೆಯನ್ನು ಹೊರಗೆ ಕಳಿಸಿದರು.

ನಿರ್ಣಯ ಎಂಟು ದಿನಕ್ಕೆ ಹೊರಬಿತ್ತು. ಲ್ಯಾಬ್ ಅಕ್ಕನ ಚಿಕಿತ್ಸೆಯ ಹೊಣೆ ವಿಶ್ವವಿದ್ಯಾಲಯದ್ದು, ಗುಣವಾದ ಮೇಲೆ ಅವಳಿಗೆ ನಿವೃತ್ತಿಯವರೆಗೆ ಗ್ರಂಥಾಲಯದ ಓದುವ ಕೋಣೆಯಲ್ಲಿ ಕಾಯಂ ಕೆಲಸ. ಎಲ್ಲ ಗುತ್ತಿಗೆಗಳಲ್ಲೂ ಹತ್ತೊಂಬತ್ತನೇ ಕಲಮಿನ ಎರಡನೇ ವಾಕ್ಯವನ್ನು ಮತ್ತೆ ಸೇರಿಸಬೇಕು. ಕರಾರು ಪರಿಶೀಲಕರಿಗೆ ನಿರ್ಲಕ್ಷ್ಯಕ್ಕಾಗಿ ಲಿಖಿತ ಎಚ್ಚರಿಕೆ. ಕೊನೆಗೆ ಒಂದು ಸಾಲು: ‘ಸದರಿ ವಾಕ್ಯವು ಬೆರಳಚ್ಚಿನ ದೋಷದಿಂದ ಬಿಟ್ಟುಹೋಗಿರುವುದನ್ನು ಸಕಾಲದಲ್ಲಿ ಮಂಡಳಿಯ ಗಮನಕ್ಕೆ ತರಲು ಸಹಕರಿಸಿದ ಕುಲಸಚಿವರನ್ನು ಸಭೆಯು ಅಭಿನಂದಿಸುತ್ತದೆ.’

ಉಗ್ರಾಣದಲ್ಲಿ ನಿಂತು ಇದನ್ನು ಓದಿದ ಆಕೆಗೆ ಮೊದಲು ನಗು ಬಂತು. ಆಮೇಲೆ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದಳು. ಬೆರಳಚ್ಚಿನ ದೋಷ! ಆ ವರ್ಷ ಟೈಪು ಮಾಡುತ್ತಿದ್ದ ಹೆಂಗಸು ಆಕೆಗೆ ಗೊತ್ತು. ಎರಡು ವರ್ಷದ ಹಿಂದೆ ತೀರಿಕೊಂಡಿದ್ದಳು. ಎದ್ದು ಬಂದು ಇಲ್ಲ ಎನ್ನುವಂತಿಲ್ಲ. ಕೊಟ್ಟದ್ದನ್ನು ಕೊಟ್ಟಂತೆ ಟೈಪು ಹೊಡೆದುಕೊಟ್ಟವಳ ಹೆಸರಿಗೆ, ಸತ್ತ ಮೇಲೆ, ಒಬ್ಬಳ ಕಣ್ಣು ಜಮೆಯಾಗಿತ್ತು. ಎಚ್ಚರಿಕೆಯ ಪತ್ರ ತಂದಿದ್ದ ಗುಮಾಸ್ತ, "ಇಲ್ಲೊಂದು ಸಹಿ ಹಾಕಿ ಮೇಡಂ, ಮುಟ್ಟಿದ್ದಕ್ಕೆ" ಎಂದ. ಆಕೆ ಪೂರ್ತಿ ಓದಿ, ಕೆಳಗೆ ಬರೆದಳು: ‘ಎಚ್ಚರಿಕೆಗೆ ನಾನು ಅರ್ಹಳು, ಸ್ವೀಕರಿಸಿದ್ದೇನೆ. ಬೆರಳಚ್ಚಿನ ದೋಷ ಎಂಬುದು ಸುಳ್ಳು. ಟೈಪಿಸ್ಟಿನ ತಪ್ಪು ಏನೂ ಇಲ್ಲ.’ ಗುಮಾಸ್ತ ಓದಿ ಬೆವರಿದ.

"ಇದನ್ನ ಹೇಗೆ ತಗೊಂಡು ಹೋಗ್ಲಿ ಮೇಡಂ?"

"ಕೈಯಲ್ಲಿ ಹಿಡ್ಕೊಂಡು" ಎಂದಳು ಆಕೆ.

ಆ ಸಾಲನ್ನು ಯಾರೂ ತಿದ್ದಲಿಲ್ಲ. ಆಕೆ ಪ್ರತಿ ತಿಂಗಳ ಮೊದಲ ವಾರ, ತಿದ್ದಿ ಎಂದು ಒಂದು ಪತ್ರ ಬರೆಯುವುದನ್ನು ಬಿಡಲಿಲ್ಲ. ಕುಲಸಚಿವರು ಅವಧಿ ಮುಗಿಸಿ ಹಾರ ಹಾಕಿಸಿಕೊಂಡು ಹೋದರು. ಆಕೆ ಆ ಸಮಾರಂಭಕ್ಕೆ ಹೋಗಲಿಲ್ಲ. ಉಗ್ರಾಣದ ಇಲಿಗಳ ಜೊತೆ ಯುದ್ಧವಿತ್ತು.

ನಿರ್ಣಯವಾಗಿ ಎರಡು ತಿಂಗಳಿಗೆ ಲ್ಯಾಬ್ ಅಕ್ಕನ ಮಗಳು ಉಗ್ರಾಣ ಹುಡುಕಿಕೊಂಡು ಬಂದಳು. ವಿಶ್ವವಿದ್ಯಾಲಯ ಒಂದು ಒಪ್ಪಂದ ಪತ್ರ ಕಳಿಸಿತ್ತು. ಅಮ್ಮ ಸಹಿ ಹಾಕಿದರೆ ಕೆಲಸದ ಆದೇಶ ಕೈಗೆ ಬರುತ್ತದೆ. "ಅಮ್ಮ ನಿಮಗೆ ತೋರಿಸು ಅಂದ್ರು" ಎಂದಳು.

ನಾಲ್ಕು ಪುಟ. ಮೂರನೆಯದರಲ್ಲಿ, ಅಪಘಾತವು ಕೆಲಸಗಾರ್ತಿಯ ಅಜಾಗರೂಕತೆಯಿಂದ ಸಂಭವಿಸಿದ್ದು, ಮಾನವೀಯತೆಯ ದೃಷ್ಟಿಯಿಂದ ಮಾತ್ರ ನೆರವು ನೀಡಲಾಗುತ್ತಿದೆ ಎಂದಿತ್ತು. ಆಕೆಯ ಹಲ್ಲು ಕಟಕಟ ಎಂದಿತು. "ನೋಡು ಮಗಳೇ, ಕಣ್ಣೂ ಅವಳದೇ ಹೋಗ್ಬೇಕು, ತಪ್ಪೂ ಅವಳದೇ ಆಗ್ಬೇಕು!" ಎಂದು ಆ ಸಾಲಿಗೆ ಅಡ್ಡಗೆರೆ ಎಳೆದು, ಬದಲಿಗೆ ಏನು ಬರೆಯಬೇಕೆಂದು ಬೇರೆ ಹಾಳೆಯಲ್ಲಿ ಬರೆದುಕೊಟ್ಟಳು. ಪತ್ರ ವಾಪಸು ಹೋಯಿತು. ಮತ್ತೆ ಬಂದಾಗ ಅಜಾಗರೂಕತೆ ಹೋಗಿ ‘ಆಕಸ್ಮಿಕ’ ಆಗಿತ್ತು. ಮತ್ತೆ ಗೆರೆ. ಮೂರನೆಯ ಸಲ, ‘ಚೀಟಿ ಇಲ್ಲದ ಆಸಿಡ್ ಬಾಟಲಿಯನ್ನು ಕಸದಲ್ಲಿ ಹಾಕಿದ್ದರಿಂದ’ ಎಂದು ಬಂತು.

ಆ ಸಲ ಲ್ಯಾಬ್ ಅಕ್ಕನೇ ಬಂದಳು. ಕಪ್ಪು ಕನ್ನಡಕ ಹಾಕಿದ್ದಳು. ಸುಟ್ಟ ಕೈಯ ಬೆರಳುಗಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಉತ್ತರಪತ್ರಿಕೆಗಳ ಒಂದು ಕಟ್ಟಿನ ಮೇಲೆ ಕೂತಳು. ಚಹಾ ಬೇಕೇ ಎಂದು ಕೇಳಿದರೆ ಬೇಡವೆಂದಳು. ಆಕೆ ನಾಲ್ಕೂ ಪುಟಗಳನ್ನು ಗಟ್ಟಿಯಾಗಿ ಓದಿ ಹೇಳಿದಳು.

"ಏನೂ ಬಿಟ್ಟಿಲ್ಲ ತಾನೇ?" ಎಂದಳು ಲ್ಯಾಬ್ ಅಕ್ಕ.

"ಬಿಟ್ಟಿಲ್ಲ."

"ಇನ್ನೊಂದ್ಸಲ ಓದಿ."

ಆಕೆ ಕನ್ನಡಕ ಸರಿಮಾಡಿಕೊಂಡು ಮತ್ತೆ ಮೊದಲ ಪುಟದಿಂದ ಶುರುಮಾಡಿದಳು. ಲ್ಯಾಬ್ ಅಕ್ಕ ತಲೆಯಾಡಿಸದೆ, ಮುಗುಳ್ನಗದೆ, ಕೊನೆಯ ಸಾಲಿನವರೆಗೂ ಕೇಳಿಸಿಕೊಂಡು, ಎಡಗೈಯಲ್ಲಿ ಪೆನ್ನು ಹಿಡಿದಳು.